ಮೀನು ಹಿಡಿಯಬಾರದ ಮೀನಿನ ಸೇತುವೆ

ನಮ್ಮ ಭಾವ ಹಾಕಿದ ಪ್ಲಾನ್ ಸರಳವಾಗಿತ್ತು. ಅಮೆರಿಕದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೋಗುವುದು. ಬೆಟ್ಟಗಳ ನಡುವೆ, 7,700 ಅಡಿ ಎತ್ತರದಲ್ಲಿರುವ ಸರೋವರದ ಪಕ್ಕ ಟೆಂಟ್ ಹಾಕುವುದು. ಬೆಳಗ್ಗೆ ಎದ್ದು ಮೀನು ಹಿಡಿಯುವುದು. ಸಂಜೆ ಬಿಸಿನೀರಿನ ಬುಗ್ಗೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರುವುದು.

"ಮೂರು ದಿನ, ಮೂರು ಕೆಲಸ. ಮನುಷ್ಯನಿಗೆ ಇನ್ನೇನು ಬೇಕು ಹೇಳು?" ಅಂದರು.

ಮೊದಲು ಮಲಗಲು ಜಾಗ ಬೇಕಿತ್ತು. ಅಲ್ಲಿನ ಕೆಲವು ಕ್ಯಾಂಪಿಂಗ್ ಜಾಗಗಳಿಗೆ ಆರು ತಿಂಗಳ ಮೊದಲೇ ಬುಕ್ಕಿಂಗ್ ಶುರು. ಇನ್ನು ಕೆಲವಕ್ಕೆ ವರ್ಷಕ್ಕೂ ಮೊದಲೇ. ಅಂದರೆ ಮುಂದಿನ ಜೂನ್ ತಿಂಗಳ ಎರಡನೇ ಶನಿವಾರ ನನ್ನಲ್ಲಿ ಪ್ರಕೃತಿ ಪ್ರೇಮ ಉಕ್ಕಲಿದೆ ಅಂತ ಈ ವರ್ಷವೇ ಗೊತ್ತಿರಬೇಕು. 2021ರಲ್ಲಿ ಈ ಪಾರ್ಕಿಗೆ 48 ಲಕ್ಷಕ್ಕೂ ಹೆಚ್ಚು ಭೇಟಿಗಳಾದವು. ಅಷ್ಟೂ ಜನ ಏಕಾಂತ ಹುಡುಕಿಕೊಂಡೇ ಬಂದಿದ್ದರು.

ಕೊನೆಗೆ ಭಾವನಿಗೆ ಒಂದು ಜಾಗ ಸಿಕ್ಕಿತು. ಊರಿನ ಹೆಸರು ಫಿಶಿಂಗ್ ಬ್ರಿಜ್. "ನೋಡು, ಹೆಸರಲ್ಲೇ ಮೀನಿದೆ" ಅಂತ ಕುಣಿದಾಡಿದರು. ಹೊಸ ಗಾಳ ಬಂತು, ಹೊಸ ಟೆಂಟ್ ಬಂತು. ನಿಯಮಗಳನ್ನು ಓದಿದ್ದು ಆಮೇಲೆ.

ಅಲ್ಲಿ ಟೆಂಟ್ ಹಾಕುವಂತಿಲ್ಲ. ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಅವಕಾಶ. ಕಾರಣ ಗ್ರಿಜ್ಲಿ ಕರಡಿ. ಆ ಜಾಗದಲ್ಲಿ ಅವುಗಳ ಓಡಾಟ ಜಾಸ್ತಿ. ಕರಡಿಯ ಲೆಕ್ಕದಲ್ಲಿ ಟೆಂಟ್ ಅಂದರೆ ನೀಟಾಗಿ ಕಟ್ಟಿಟ್ಟ ಪೊಟ್ಟಣ. ಹಾಗಾಗಿ ನಾವು ಬಯಲಲ್ಲಿ ಮಲಗುವ ಸುಖಕ್ಕೆಂದು ಒಲೆ, ಫ್ರಿಜ್, ಕಕ್ಕಸು ಎಲ್ಲಾ ಇರುವ ಒಂದು ಮೋಟರ್‌ಹೋಮ್ ಬಾಡಿಗೆಗೆ ತಗೊಂಡೆವು. ಟೆಂಟನ್ನೂ ಒಳಗೆ ಹಾಕಿಕೊಂಡೆವು. ಅದೂ ಪಾಪ ಊರು ನೋಡಲಿ ಅಂತ.

ಸೇತುವೆ ನಿಜಕ್ಕೂ ಚೆಂದ. ಸರೋವರದ ನೀರು ನದಿಯಾಗಿ ಹೊರಡುವ ಜಾಗದಲ್ಲೇ ಇದೆ. ಈಗಿರುವುದು 1937ರದ್ದು. ಒಂದು ಕಾಲದಲ್ಲಿ ಇಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತು ಗಾಳ ಹಾಕುತ್ತಿದ್ದರಂತೆ. ಮೀನು ಮೊಟ್ಟೆಯಿಡಲು ಬರುವ ಜಾಗವೂ ಅದೇ. ಹೆರಿಗೆ ವಾರ್ಡಿನ ಬಾಗಿಲಲ್ಲಿ ಗಾಳ ಹಿಡಿದು ನಿಂತ ಹಾಗೆ. ಮೀನು ಕಡಿಮೆಯಾದವು. 1973ರಲ್ಲಿ ಸೇತುವೆ ಮೇಲೆ ಮೀನು ಹಿಡಿಯುವುದನ್ನು ನಿಲ್ಲಿಸಿದರು. ಹೆಸರು ಮಾತ್ರ ಹಾಗೇ ಉಳಿಯಿತು. ಐವತ್ತು ವರ್ಷದಿಂದ ಜನ ಗಾಳ ಹಿಡಿದುಕೊಂಡು ಬಂದು, ಬೋರ್ಡ್ ಓದಿ, ಫೋಟೊ ತೆಗೆಸಿಕೊಂಡು ಹೋಗುತ್ತಿದ್ದಾರೆ. ಭಾವನೂ ತೆಗೆಸಿಕೊಂಡರು.

ಸರೋವರದಲ್ಲಿ ಹಿಡಿಯಬಹುದು. ಪರ್ಮಿಟ್ ಬೇಕು. ಎರೆಹುಳು ಹಾಕುವಂತಿಲ್ಲ. ಗಾಳದ ಕೊಕ್ಕೆಗೆ ಮುಳ್ಳು ಇರುವಂತಿಲ್ಲ. ಸೀಸದ ಗುಂಡು ಕಟ್ಟುವಂತಿಲ್ಲ. ಇಷ್ಟಾದ ಮೇಲೂ ಮೀನು ಬಂದು ಕಚ್ಚಿತು ಅನ್ನಿ. ಆಗ ಅದರ ಜಾತಕ ನೋಡಬೇಕು. ಗಂಟಲ ಕೆಳಗೆ ಕೆಂಪು ಗೆರೆ ಇದ್ದರೆ ಅದು ಇಲ್ಲಿಯದೇ ಮೀನು, ಕಟ್‌ಥ್ರೋಟ್ ಟ್ರೌಟ್. ಅದನ್ನು ಜೋಪಾನವಾಗಿ ನೀರಿಗೆ ಬಿಡಬೇಕು. ಲೇಕ್ ಟ್ರೌಟ್ ಆದರೆ ಹೊರಗಿನದು, 1994ರಲ್ಲಿ ಈ ಸರೋವರದಲ್ಲಿ ಪತ್ತೆಯಾಗಿದ್ದು. ಇಲ್ಲಿಯ ಮೀನನ್ನು ತಿಂದು ತಿಂದು ಕೊಬ್ಬಿದೆ. ಅದು ಸಿಕ್ಕರೆ ಕೊಲ್ಲಲೇಬೇಕು, ಬಿಟ್ಟರೆ ತಪ್ಪು. ಒಟ್ಟಿನಲ್ಲಿ, ಕತ್ತು ಕೊಯ್ದ ಹಾಗೆ ಕಾಣುವ ಮೀನನ್ನು ಬಿಡಬೇಕು, ಕಾಣದ್ದನ್ನು ಕೊಯ್ಯಬೇಕು.

ಭಾವ ಎರಡು ತಾಸು ನಿಂತರು. ಯಾವ ಮೀನೂ ಅವರನ್ನು ಧರ್ಮಸಂಕಟಕ್ಕೆ ಸಿಕ್ಕಿಸಲಿಲ್ಲ.

"ಹೋಗ್ಲಿ ಬಿಡು. ಸ್ನಾನ ಇದೆಯಲ್ಲ" ಅಂದರು.

ಈ ಪಾರ್ಕಿನಲ್ಲಿ ಬಿಸಿನೀರಿನ ಬುಗ್ಗೆ, ಗೀಸರ್ (ಅಂದರೆ ನೆಲದಿಂದ ಆಗಾಗ ಬಿಸಿನೀರು ಮೇಲಕ್ಕೆ ಚಿಮ್ಮುವ ಬುಗ್ಗೆ), ಕುದಿಯುವ ಕೆಸರು ಎಲ್ಲಾ ಸೇರಿ 10,000ಕ್ಕೂ ಜಾಸ್ತಿ ಇವೆ. ಪ್ರಪಂಚದ ಗೀಸರ್‌ಗಳಲ್ಲಿ ಹೆಚ್ಚು ಕಡಿಮೆ ಅರ್ಧ ಇಲ್ಲೇ ಇವೆ. ಗೀಸರ್ ಅಂದಮೇಲೆ ಸ್ನಾನವೇ ಅಲ್ವಾ? ಭಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಗಾಡಿ ಇಳಿದರು. ಇಷ್ಟೊಂದರಲ್ಲಿ ಇಳಿದು ಕೂರಬಹುದಾದ ಬುಗ್ಗೆ ಎಷ್ಟು ಗೊತ್ತಾ? ಸೊನ್ನೆ. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಎಷ್ಟೋ ಬುಗ್ಗೆಗಳು ಅದರ ಹತ್ತಿರಕ್ಕೇ ಇವೆ. ಸುತ್ತಲಿನ ನೆಲ ಹಪ್ಪಳದ ಹಾಗೆ ತೆಳು. ಅದಕ್ಕೇ ಮರದ ಹಲಗೆಯ ದಾರಿ ಬಿಟ್ಟು ಕಾಲಿಡಬಾರದು. ಬಿದ್ದು, ಇಲ್ಲವೇ ತಾವಾಗಿಯೇ ಇಳಿದು, ಬೆಂದು ಸತ್ತವರು 20ಕ್ಕೂ ಹೆಚ್ಚು.

ಸರೋವರದ ಕಥೆ ಉಲ್ಟಾ. ಅದರ ನೀರು ಸರಾಸರಿ 5 ಡಿಗ್ರಿ. ಬಿದ್ದರೆ ಅರ್ಧ ಗಂಟೆ ಬದುಕುವುದು ಕಷ್ಟ. ಒಂದು ಕಡೆ ಬೇಯಿಸುತ್ತದೆ, ಇನ್ನೊಂದು ಕಡೆ ಹೆಪ್ಪುಗಟ್ಟಿಸುತ್ತದೆ. ಹದವಾದ ನೀರು ಬೇಕೆಂದರೆ ವಾಪಸ್ ಮೋಟರ್‌ಹೋಮಿನ ನಲ್ಲಿಗೇ ಬರಬೇಕು.

"ಏನಯ್ಯಾ ಇದು, ಎಲ್ಲಿ ನೋಡಿದರೂ ಬೇಡ ಬೇಡ ಅಂತ ಬೋರ್ಡು! ನಾವೇನು ಚಿಕ್ಕ ಮಕ್ಕಳಾ?" ಅಂತ ಭಾವ ರೇಗಿದರು.

ಮಕ್ಕಳಾಗಿದ್ದರೆ ಇಷ್ಟು ಬೋರ್ಡ್ ಬೇಕಾಗುತ್ತಿರಲಿಲ್ಲ. ಸುಮ್ಮಸುಮ್ಮನೆ ಯಾರೂ ಬೋರ್ಡ್ ನೆಡುವುದಿಲ್ಲ. ಎಲ್ಲಾ ಬೋರ್ಡಿನ ಹಿಂದೆಯೂ ಒಬ್ಬ ಮಹಾನುಭಾವ ಇರುತ್ತಾನೆ. ಪಾರ್ಕು ಹುಟ್ಟಿದ್ದು 1872ರಲ್ಲಿ. ಅಂದಿನಿಂದ ಇಂಥವರು ತಪ್ಪದೆ ಬರುತ್ತಿದ್ದಾರೆ. ಹಳೆಯ ಕಾಲದವರು ಗೀಸರ್ ಬೇಗ ಚಿಮ್ಮಲಿ ಅಂತ ಅದಕ್ಕೆ ಸೋಪು ಹಾಕುತ್ತಿದ್ದರು. ಒಂದು ಬುಗ್ಗೆಗೆ ಕರವಸ್ತ್ರ ಹಾಕಿದರೆ ಒಳಗೆಳೆದುಕೊಂಡು, ಆಮೇಲೆ ಶುಭ್ರ ಮಾಡಿ ಮೇಲಕ್ಕೆ ಕಳಿಸುತ್ತಿತ್ತು. ಜನ ಸಾಲುಗಟ್ಟಿ ನಿಂತು ಒಗೆಸಿಕೊಂಡರು. ಕೊನೆಗೆ ಯಾರೋ ಮರದ ದಿಮ್ಮಿ ತುರುಕಿ ಅದರ ಬಾಯಿ ಕಟ್ಟಿತು. ಸರೋವರದ ಅಂಚಿನಲ್ಲಿ ಫಿಶಿಂಗ್ ಕೋನ್ ಅಂತ ಇನ್ನೊಂದು ಬುಗ್ಗೆ. ಸರೋವರದಿಂದ ಎತ್ತಿದ ಮೀನನ್ನು ಗಾಳದಿಂದ ಬಿಡಿಸದೆ ಹಾಗೇ ಅದರಲ್ಲಿ ಅದ್ದಿ ಬೇಯಿಸುತ್ತಿದ್ದರು. ಅಡುಗೆಭಟ್ಟರ ಟೋಪಿ, ಏಪ್ರನ್ ಹಾಕಿಕೊಂಡು ಫೋಟೊ ಬೇರೆ. ಕರಡಿಗಳು ಹೋಟೆಲಿನ ಕಸ ತಿನ್ನುವುದನ್ನು ನೋಡಲು ಗ್ಯಾಲರಿ ಕಟ್ಟಿ ಬೆಂಚು ಹಾಕಿದ್ದರು. ಅದನ್ನು ಮಾಡಿದ್ದು ಪಾರ್ಕಿನವರೇ, ಅವರನ್ನೂ ಪೂರ್ತಿ ಬಿಡುವ ಹಾಗಿಲ್ಲ.

ಅದೆಲ್ಲಾ ಅಜ್ಜನ ಕಾಲ ಅನ್ನುತ್ತೀರಾ? 2020ರಲ್ಲಿ ಒಂದು ಗುಂಪು ಅಡುಗೆ ಪಾತ್ರೆ ಹೊತ್ತುಕೊಂಡು ಕಾಡೊಳಗಿನ ಬುಗ್ಗೆಗಳ ಕಡೆ ನಡೆದದ್ದು ಅಲ್ಲಿನ ರೇಂಜರ್ ಕಿವಿಗೆ ಬಿತ್ತು. ಹೋಗಿ ನೋಡಿದರೆ ಬುಗ್ಗೆಯಲ್ಲಿ ಒಂದು ಗೋಣಿಚೀಲ. ಚೀಲದಲ್ಲಿ ಎರಡು ಇಡೀ ಕೋಳಿ. ದಂಡ ಬಿತ್ತು, ಎರಡು ವರ್ಷ ಪಾರ್ಕಿಗೆ ಕಾಲಿಡಬೇಡಿ ಅಂತಲೂ ಆಯಿತು. ಈ ಕಥೆ ಹೇಳಿದಾಗ ಭಾವ ಗಂಭೀರವಾಗಿ ಕೇಳಿಸಿಕೊಂಡು, "ಉಪ್ಪು ಖಾರ ಹಚ್ಚಿದ್ರಂತಾ?" ಅಂದರು.

2016ರದ್ದಕ್ಕೆ ಮಾತ್ರ ನಗು ಬರುವುದಿಲ್ಲ. ಬೈಸನ್ ಕರು, ಅಂದರೆ ನಮ್ಮ ಕಾಡುಕೋಣದಂಥ ಅಲ್ಲಿಯ ಪ್ರಾಣಿಯ ಕರು, ಚಳಿಯಲ್ಲಿ ನಡುಗುತ್ತಿದೆ ಅಂತ ಯಾರಿಗೋ ಅನ್ನಿಸಿತು. ಎತ್ತಿ ಕಾರಿನ ಹಿಂದೆ ಹಾಕಿಕೊಂಡು ರೇಂಜರ್ ಆಫೀಸಿಗೆ ತಂದರು. ಹಿಮದಲ್ಲಿ ಸಾವಿರಾರು ವರ್ಷ ಬಾಳಿದ ಪ್ರಾಣಿಗೆ ಕಾರಿನ ಹೀಟರ್! ಮಂದೆ ಆ ಕರುವನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಅದನ್ನು ಕೊಲ್ಲಬೇಕಾಯಿತು. ದಂಡ 235 ಡಾಲರ್.

ಬೈಸನ್‌ನಿಂದ 25 ಗಜ ದೂರ ಇರಿ ಅಂತ ಎಲ್ಲಾ ಕಡೆ ಬರೆದಿದೆ. ಕರಡಿ, ತೋಳ ಆದರೆ 100 ಗಜ. ಮೂರನೇ ದಿನ ರಸ್ತೆಯಲ್ಲಿ ವಾಹನಗಳು ಸಾಲಾಗಿ ನಿಂತಿದ್ದವು. ಮುಂದೆ ಒಂದು ಬೈಸನ್, ಟಾರು ರಸ್ತೆಯ ನಡುವೆ, ಮಾವನ ಮನೆಯಲ್ಲಿ ಅಳಿಯ ನಿಂತ ಹಾಗೆ ನಿಂತಿತ್ತು. ಒಬ್ಬಾತ ಕಾರಿನಿಂದಿಳಿದು ಟ್ಯಾಬ್ ಎತ್ತಿ ಹಿಡಿದು ಹೋದ. ಇಪ್ಪತ್ತು ಅಡಿ. ಹದಿನೈದು. ಹತ್ತು. ತಿರುಗಿ ನಿಂತ. ಸೆಲ್ಫಿ. ಬೈಸನ್ ಬಾಲ ಎತ್ತಿತು.

ಭಾವ ಕಿಟಕಿಯಿಂದ ಅರ್ಧ ಹೊರಬಂದು "ಏಯ್, ಬಾರಯ್ಯಾ ಈಚೆ!" ಅಂತ ಅಚ್ಚ ಕನ್ನಡದಲ್ಲಿ ಕೂಗಿದರು. ಆ ಪುಣ್ಯಾತ್ಮನಿಗೆ ಅರ್ಥವಾಗಲಿಲ್ಲ, ಕೈ ಬೀಸಿದ. ಗಂಟೆಗೆ 56 ಕಿಲೋಮೀಟರ್ ಓಡಬಲ್ಲ ಪ್ರಾಣಿ ಬಾಲ ಎತ್ತಿದರೆ ಎರಡು ಅರ್ಥ: ಒಂದೋ ನುಗ್ಗುತ್ತದೆ, ಇಲ್ಲವೇ ಸೆಗಣಿ ಹಾಕುತ್ತದೆ. ಅವನ ಅದೃಷ್ಟಕ್ಕೆ ಅವತ್ತು ಎರಡನೆಯದು. ಭಾವ ವಾಪಸ್ ಕೂತು ಬೆವರು ಒರೆಸಿಕೊಂಡರು. ಬೋರ್ಡುಗಳ ಬಗ್ಗೆ ಆಮೇಲೆ ಒಂದು ಮಾತೂ ಆಡಲಿಲ್ಲ.

ರಾತ್ರಿ ಫೋಟೊಗಳನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಗಾಳ ಹಿಡಿದು ಸೇತುವೆ ಮೇಲೆ. ಮಡಿಸಿಟ್ಟ ಟೆಂಟ್ ಮೇಲೆ ಕೂತು. ಟವೆಲ್ ಹಾಕಿಕೊಂಡು, ಹೊಗೆಯಾಡುವ ನೀಲಿ ಬುಗ್ಗೆಯ ಮುಂದೆ. ಕೆಳಗೆ "ಕ್ಯಾಂಪಿಂಗ್, ಫಿಶಿಂಗ್, ಹಾಟ್ ಸ್ಪ್ರಿಂಗ್ಸ್. ಸೂಪರ್!" ಅಂತ ಒಕ್ಕಣೆ.

ಐದೇ ನಿಮಿಷಕ್ಕೆ ಭಾವನ ತಂಗಿಯ ಮೆಸೇಜ್ ಬಂತು. "ಅಣ್ಣಾ, ಮುಂದಿನ ವರ್ಷ ನಾವೂ ಬರ್ತೀವಿ. ಸ್ನಾನಕ್ಕೆ ಸೋಪು ನಾವೇ ತರಬೇಕಾ, ಅಲ್ಲೇ ಸಿಗುತ್ತಾ?"