ನಾಯಿ ಜೊತೆಗಿದ್ದರೆ ಮಾತ್ರ ಮೇನ್ ಲಿಫ್ಟ್

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ಎರಡು ಥರ. ಒಂದರಲ್ಲಿ ಕನ್ನಡಿ, ಫ್ಯಾನು, ಸಣ್ಣಗೆ ಸಂಗೀತ. ಇನ್ನೊಂದರ ಗೋಡೆಗೆ ಪ್ಲೈವುಡ್ ಹೊಡೆದಿರುತ್ತಾರೆ, ನೆಲದ ಮೇಲೆ ಕಸದ ಚೀಲದಿಂದ ಸೋರಿದ ನೀರು. ನಮ್ಮ ಬ್ಲಾಕಿನಲ್ಲಿ ಕನ್ನಡಿ ಇರುವ ಲಿಫ್ಟಿನ ಪಕ್ಕ ಲ್ಯಾಮಿನೇಟ್ ಮಾಡಿದ ಹಾಳೆ ಅಂಟಿಸಿದ್ದಾರೆ: ‘ಮನೆಕೆಲಸದವರು, ಡ್ರೈವರ್‌ಗಳು, ಡೆಲಿವರಿಯವರು ಸರ್ವಿಸ್ ಲಿಫ್ಟನ್ನೇ ಬಳಸತಕ್ಕದ್ದು.’ ರಾಜ್ಯೋತ್ಸವದ ಆಹ್ವಾನವನ್ನೂ ಇಂಗ್ಲಿಷಿನಲ್ಲೇ ಕಳಿಸುವ ಅಸೋಸಿಯೇಷನ್ ನಮ್ಮದು. ಕಾಂಪೌಂಡಿನ ಒಳಗೆ ಕನ್ನಡದಲ್ಲಿ, ಅದೂ ಒಂದೂ ಕಾಗುಣಿತ ತಪ್ಪಿಲ್ಲದೆ, ಇರುವ ಬೋರ್ಡು ಇದೊಂದೇ.

ಯಾಕೆ ಹೀಗೆ ಅಂತ ಕೇಳಿದರೆ ‘ಹೈಜೀನ್’ ಅನ್ನುತ್ತಾರೆ. ಒಪ್ಪೋಣ. ಆದರೆ ಇದೇ ಮನೆಕೆಲಸದ ಹೆಂಗಸು ಬೆಳಿಗ್ಗೆ ಏಳಕ್ಕೆ ಬಂದು ನಮ್ಮ ಚಪಾತಿ ಹಿಟ್ಟು ನಾದುತ್ತಾಳೆ. ಮಗುವಿನ ಬಾಯಿಗೆ ತುತ್ತಿಡುತ್ತಾಳೆ. ಹಾಸಿಗೆ ಹಿಡಿದ ಅಜ್ಜನ ಮೈ ಒರೆಸುತ್ತಾಳೆ. ಆಗೆಲ್ಲ ಹೈಜೀನ್ ಗಟ್ಟಿಯಾಗಿಯೇ ಇರುತ್ತದೆ. ಅದು ಕೆಡುವುದು ನೆಲಮಹಡಿಯಿಂದ ಹನ್ನೆರಡನೇ ಮಹಡಿಗೆ ಹೋಗುವ ಅರ್ಧ ನಿಮಿಷದಲ್ಲಿ ಮಾತ್ರ. ವಿಜ್ಞಾನಿಗಳು ಯಾರಾದರೂ ಬಂದು ನೋಡಬೇಕು.

ಹಳ್ಳಿ ಹೋಟೆಲಿನಲ್ಲಿ ಬೇರೆ ಲೋಟ ಇಡುತ್ತಿದ್ದರಲ್ಲ, ಆ ಥರಾನಾ ಅಂತ ಕೇಳಿ ನೋಡಿ, ಮುಖ ಕೆಂಪಾಗುತ್ತದೆ. ‘ಏನ್ ಸಾರ್ ಹೀಗಂತೀರಿ, ಅಸ್ಪೃಶ್ಯತೆ 1950ರಲ್ಲೇ ಸಂವಿಧಾನದ ಜೊತೆಗೇ ಹೋಯಿತು. ಇದು ಬರೀ ಲಿಫ್ಟ್ ಮ್ಯಾನೇಜ್‌ಮೆಂಟ್.’ ಸರಿ. ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ಬೇರೆಯಾಗಿ ಇಟ್ಟಿರುವ ಆ ಸ್ಟೀಲ್ ಲೋಟ, ಲೋಟ ಮ್ಯಾನೇಜ್‌ಮೆಂಟ್ ಇರಬೇಕು.

ಇಲ್ಲಿ ನಾಯಿಯ ವಿಷಯ ಹೇಳಲೇಬೇಕು. ನಾಯಿಗಳು ಕೂಡ ಸರ್ವಿಸ್ ಲಿಫ್ಟಿನಲ್ಲೇ ಹೋಗಬೇಕು ಅಂತ ಒಮ್ಮೆ ನಮ್ಮಲ್ಲಿ ಠರಾವು ಬಂತು. ನಾಯಿ ಸಾಕಿದವರು ಸಭೆಗೆ ಕಾಗದ ಪತ್ರ ಹಿಡಿದುಕೊಂಡೇ ಬಂದರು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸಾಕುನಾಯಿಗೆ ಲಿಫ್ಟ್ ಇಲ್ಲ ಅನ್ನುವ ಹಾಗಿಲ್ಲ, ಅದಕ್ಕೆ ಬೇರೆ ದುಡ್ಡು ಕೇಳುವ ಹಾಗೂ ಇಲ್ಲ. ಒಬ್ಬರಂತೂ ಭಾಷಣ ಮಾಡುತ್ತಾ ಗದ್ಗದಿತರಾದರು: ‘ಅದೂ ಒಂದು ಜೀವ ಅಲ್ವಾ?’ ಚಪ್ಪಾಳೆ ಬಿತ್ತು. ಠರಾವು ಬಿತ್ತು. ನನಗೂ ಸಂತೋಷವೇ. ನಾಯಿಗೆ ಮಂಡಳಿ ಇದೆ, ಮಾರ್ಗಸೂಚಿ ಇದೆ, ಪರವಾಗಿ ಅಳುವವರಿದ್ದಾರೆ. ಆ ಹೊತ್ತಿಗೆ ಸಭೆಗೆ ಟೀ ಹಂಚುತ್ತಿದ್ದವಳಿಗೆ ಅಂಥ ಮಂಡಳಿ ಯಾವುದೂ ಗೊತ್ತಿರಲಿಲ್ಲ.

ಆಮೇಲೆ ಶುರುವಾಯಿತು ನಿಜವಾದ ತಮಾಷೆ. ನಾಯಿಯನ್ನು ವಾಕಿಂಗಿಗೆ ಒಯ್ಯಲು ಒಬ್ಬ ಹುಡುಗ ಬರುತ್ತಾನೆ. ನಾಯಿಗೆ ಮೇನ್ ಲಿಫ್ಟಿನ ಹಕ್ಕಿದೆ, ಆದರೆ ಬಟನ್ ಒತ್ತಲು ಬರುವುದಿಲ್ಲ. ಹಾಗಾಗಿ ನಾಯಿ ಜೊತೆಗಿರುವಷ್ಟು ಹೊತ್ತು ಹುಡುಗನೂ ಮೇನ್ ಲಿಫ್ಟಿನಲ್ಲಿ ಬರಬಹುದು ಅಂತಾಯಿತು. ಕೆಳಗಿನಿಂದ ಇಬ್ಬರೂ ಕನ್ನಡಿ ನೋಡಿಕೊಂಡು ಮೇಲೆ ಹೋಗುತ್ತಾರೆ. ಮನೆ ಬಾಗಿಲಲ್ಲಿ ಚೈನು ಕೊಟ್ಟ ಕೂಡಲೇ ಅವನ ಪಾಸ್‌ಪೋರ್ಟ್ ರದ್ದು. ವಾಪಸ್ ಇಳಿಯುವುದು ಕಸದ ಚೀಲದ ಜೊತೆ. ಮಗು ನೋಡಿಕೊಳ್ಳುವ ಆಯಾಗೂ ಇದೇ ಕಾನೂನು. ಮಗು ಸೊಂಟದಲ್ಲಿದ್ದರೆ ಮೇನ್ ಲಿಫ್ಟ್, ಮಗು ಸ್ಕೂಲಿನಲ್ಲಿದ್ದರೆ ಸರ್ವಿಸ್ ಲಿಫ್ಟ್. ಒಮ್ಮೆ ಖಾಲಿ ಪ್ರ್ಯಾಮ್ ತಳ್ಳಿಕೊಂಡು ಬಂದ ಆಯಾಳನ್ನು ಯಾವ ಲಿಫ್ಟಿಗೆ ಬಿಡಬೇಕೋ ತಿಳಿಯದೆ ಗಾರ್ಡ್ ಮ್ಯಾನೇಜರಿಗೆ ಫೋನ್ ಮಾಡಿದ. ಹನ್ನೆರಡು ಗಂಟೆ ನಿಂತೇ ಡ್ಯೂಟಿ ಮಾಡುವ ಅವನಿಗೆ ಇಂಥ ಸಾಂವಿಧಾನಿಕ ಬಿಕ್ಕಟ್ಟು ಬೇರೆ.

ಹಾಗಂತ ನಮ್ಮವರಿಗೆ ಬಡವರ ಬಗ್ಗೆ ಕಾಳಜಿ ಇಲ್ಲ ಅನ್ನಬೇಡಿ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ರೈತರೊಬ್ಬರನ್ನು ತಡೆದರಲ್ಲ, ಆಗ ನಮ್ಮ ವಾಟ್ಸಾಪ್ ಗ್ರೂಪ್ ಹೊತ್ತಿ ಉರಿಯಿತು. ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ಹಿರಿಯರನ್ನು ಒಳಗೆ ಬಿಡದಿದ್ದಾಗ ಇನ್ನೂ ಜಾಸ್ತಿ. ಮುಖ್ಯಮಂತ್ರಿ ಪಂಚೆ ಉಟ್ಟೇ ವಿಧಾನಸೌಧಕ್ಕೆ ಹೋಗುವ ರಾಜ್ಯದಲ್ಲಿ ಹೀಗಾ ಅಂತ ಎಲ್ಲರಿಗೂ ಕೋಪ. ಸರ್ಕಾರ ಮಾಲನ್ನು ಒಂದು ವಾರ ಮುಚ್ಚಿಸಿತು. ನಮ್ಮವರು ಲಾಬಿಯಲ್ಲಿ ನಿಂತೇ ‘ಅನ್ನದಾತನಿಗೆ ಅವಮಾನ’ ಅಂತ ಸ್ಟೇಟಸ್ ಹಾಕಿದರು, ಮೇನ್ ಲಿಫ್ಟ್ ಬಂತು, ಹತ್ತಿ ಹೋದರು.

ಈ ಕಟ್ಟಡ ಕಟ್ಟಿದ್ದು ಯಾದಗಿರಿ, ರಾಯಚೂರು ಕಡೆಯ ಜನ. ಅದರಲ್ಲಿ ಒಬ್ಬಾಕೆ ಇಲ್ಲೇ ಹಿಂದಿನ ತಗಡಿನ ಶೆಡ್ಡಿನಲ್ಲಿ ಉಳಿದಿದ್ದಾಳೆ, ಈಗ ನಾಲ್ಕು ಮನೆಗೆ ಪಾತ್ರೆ ತೊಳೆಯುತ್ತಾಳೆ. ಕಾಂಕ್ರೀಟ್ ಬುಟ್ಟಿ ತಲೆ ಮೇಲಿದ್ದಾಗ ಯಾವ ಮಹಡಿಗೆ ಬೇಕಾದರೂ ಹೋಗುತ್ತಿದ್ದಳು. ಈಗ ಲಾಬಿಯ ಸೋಫಾದಲ್ಲಿ ಎರಡು ನಿಮಿಷ ಕೂತರೆ ಗ್ರೂಪಿನಲ್ಲಿ ಫೋಟೋ ಬರುತ್ತದೆ. ಒಂದು ಮನೆ ಮುಗಿದು ಇನ್ನೊಂದು ಮನೆ ಬಾಗಿಲು ತೆರೆಯುವ ತನಕ ಎಲ್ಲಿ ಕೂರಬೇಕು ಅಂತ ಯಾರೂ ಹೇಳಿಲ್ಲ. ಜಾಸ್ತಿ ಹೊತ್ತು ಆಕೆ ಮೆಟ್ಟಿಲ ಮೇಲೆ, ಮೀಟರ್ ಬೋರ್ಡಿನ ಪಕ್ಕ ಇರುತ್ತಾಳೆ.

ಹೊರಗೆ ಹೋಗುವಾಗ ಬ್ಯಾಗು ತೋರಿಸಬೇಕು. ಹಳೇ ಸೀರೆ ಕೊಟ್ಟರೆ ಆ್ಯಪಿನಲ್ಲಿ ಗೇಟ್ ಪಾಸ್. ‘ಅರ್ಧ ಡಬ್ಬಿ ಬಿಸಿಬೇಳೆಬಾತ್, ಅನುಮತಿಸಲಾಗಿದೆ’ ಅಂತ ನಾನೇ ಒತ್ತಿದ್ದೇನೆ. ಡಬ್ಬಿ ವಾಪಸ್ ತರಬೇಕು ಅನ್ನುವುದಕ್ಕೂ ಆ್ಯಪಿನಲ್ಲಿ ಒಂದು ಬಟನ್ ಬಂದರೆ ಆಶ್ಚರ್ಯವಿಲ್ಲ.

ಇನ್ನು ಸಂಬಳ. ಮನೆಕೆಲಸದವರಿಗೂ ಕನಿಷ್ಠ ಕೂಲಿ ಅಂತ ಕರ್ನಾಟಕ 2004ರಲ್ಲೇ ನಿಗದಿ ಮಾಡಿತ್ತು, ದೇಶದಲ್ಲೇ ಮೊದಲು. ನಮ್ಮ ಗ್ರೂಪಿನಲ್ಲಿ ಈ ಸುದ್ದಿ ಇನ್ನೂ ಫಾರ್ವರ್ಡ್ ಆಗಿಲ್ಲ. ಅಲ್ಲಿ ಚಾಲ್ತಿಯಲ್ಲಿರುವ ಕಾನೂನು ಒಂದೇ: ‘ದಯವಿಟ್ಟು ರೇಟ್ ಕೆಡಿಸಬೇಡಿ.’ ಹೊಸದಾಗಿ ಬಂದ ದಂಪತಿ ಪಾಪ, ಕೇಳದೆಯೇ ಐನೂರು ರೂಪಾಯಿ ಜಾಸ್ತಿ ಕೊಟ್ಟುಬಿಟ್ಟಿದ್ದರು. ಅವರನ್ನು ಕರೆದು ಬುದ್ಧಿ ಹೇಳಿದ್ದು ಯಾರು ಗೊತ್ತಾ? ಕೆಲಸ ಬದಲಿಸುವಾಗ ಶೇ 40 ಹೈಕ್ ಇಲ್ಲದೆ ಮಾತೇ ಆಡುವುದಿಲ್ಲ ಅನ್ನುವ ಮಹಾಶಯರು. ಮಾರ್ಕೆಟ್ ತನ್ನ ಬೆಲೆ ತಾನೇ ಕಂಡುಕೊಳ್ಳಬೇಕು ಅನ್ನುವುದು ಅವರ ಸಿದ್ಧಾಂತ. ಪಾತ್ರೆ ತೊಳೆಯುವವಳ ಮಾರ್ಕೆಟ್ಟನ್ನು ಮಾತ್ರ ಗ್ರೂಪ್ ಅಡ್ಮಿನ್ ನೋಡಿಕೊಳ್ಳುತ್ತಾರೆ.

2025ರಲ್ಲಿ ಕಾರ್ಮಿಕ ಇಲಾಖೆ ಮನೆಕೆಲಸದವರ ಸಾಮಾಜಿಕ ಭದ್ರತೆಗೆ ಮಸೂದೆಯ ಕರಡು ತಂದಿತು. ಕೊಡುವ ಕೂಲಿಯ ಮೇಲೆ ಶೇ 5ರವರೆಗೆ ಕ್ಷೇಮನಿಧಿಗೆ ಕಟ್ಟಬೇಕಾದೀತು ಅನ್ನುವುದು ಅದರಲ್ಲೊಂದು ಮಾತು. ಐದು ಸಾವಿರ ಸಂಬಳವಾದರೆ ತಿಂಗಳಿಗೆ 250 ರೂಪಾಯಿ. ‘ಹೀಗಾದರೆ ಮಧ್ಯಮವರ್ಗ ಬದುಕುವುದು ಹೇಗೆ?’ ಅಂತ ಒಬ್ಬರು ಕೇಳಿದರು. ಆಗ ಅವರ ಕೈಯಲ್ಲಿದ್ದ ಕಾಫಿಯ ಬೆಲೆ ಅದಕ್ಕಿಂತ ಮೂವತ್ತು ರೂಪಾಯಿ ಜಾಸ್ತಿ.

ಪರಿಹಾರ ಮಾರುಕಟ್ಟೆಯಿಂದಲೇ ಬಂತು ಬಿಡಿ. 2025ರ ಮಾರ್ಚ್‌ನಲ್ಲಿ ಅರ್ಬನ್ ಕಂಪನಿ ಮುಂಬೈಯಲ್ಲಿ 15 ನಿಮಿಷದಲ್ಲಿ ಕೆಲಸದವರನ್ನು ಕಳಿಸುವ ಸೇವೆ ತೆರೆಯಿತು. ಹೆಸರು ‘ಇನ್‌ಸ್ಟಾ ಮೇಡ್ಸ್’, ಗಂಟೆಗೆ 49 ರೂಪಾಯಿಯ ಆಫರ್. ಜನ ಉಗಿದರು. ‘ಇನ್‌ಸ್ಟಾ ಹೆಲ್ಪ್’ ಅಂತ ಹೆಸರು ಬದಲಾಯಿತು. ಕೊತ್ತಂಬರಿ ಸೊಪ್ಪಿನ ವೇಗದಲ್ಲೇ ಮನುಷ್ಯರೂ ಬರುವ ಕಾಲ ಇದು. ನಮ್ಮಲ್ಲಿ ಮಾತ್ರ ಆ ಲೆಕ್ಕ ನಡೆಯದು. ಗೇಟಿಗೆ ಹದಿನೈದು ನಿಮಿಷದಲ್ಲಿ ಬಂದರೂ ಸರ್ವಿಸ್ ಲಿಫ್ಟಿಗೆ ಕಾಯಲು ಇನ್ನೊಂದು ಹದಿನೈದು ನಿಮಿಷ ಬೇಕಲ್ಲ.

ಮೊನ್ನೆ ಮೇನ್ ಲಿಫ್ಟ್ ಕೆಟ್ಟಿತು. ಬಿಡಿಭಾಗ ಬರಲು ಒಂದು ವಾರ ಅಂದರು. ಎಂಥೆಂಥವರೋ ಸರ್ವಿಸ್ ಲಿಫ್ಟ್ ಹತ್ತುವ ಪ್ರಸಂಗ ಬಂತು. ಒಂದೇ ಲಿಫ್ಟಿನಲ್ಲಿ ಎಲ್ಲರೂ ಹೋಗುತ್ತಾರಾ ಅಂತ ನಾನು ಕುತೂಹಲದಿಂದ ಕಾದೆ. ಸಂಜೆಯೊಳಗೆ ಹೊಸ ಹಾಳೆ ಲ್ಯಾಮಿನೇಟ್ ಆಗಿ ಬಂತು: ‘ನಿವಾಸಿಗಳ ಅನುಕೂಲಕ್ಕಾಗಿ, ದುರಸ್ತಿ ಮುಗಿಯುವ ತನಕ ಕೆಲಸದವರು ಮೆಟ್ಟಿಲು ಬಳಸತಕ್ಕದ್ದು. ಸಾಕುನಾಯಿಗಳಿಗೆ ವಿನಾಯಿತಿ ಇದೆ.’ ಆ ವಾರವಿಡೀ ಗ್ರೂಪಿನಲ್ಲಿ ಒಂದೇ ದೂರು: ಕೆಲಸದವರು ಯಾಕೋ ದಿನಾ ಲೇಟಾಗಿ ಬರುತ್ತಿದ್ದಾರೆ, ಬಂದರೂ ಏದುಸಿರು ಬಿಡುತ್ತಾ ಐದು ನಿಮಿಷ ಸುಮ್ನೆ ನಿಂತುಬಿಡುತ್ತಾರೆ, ಸಂಬಳದಲ್ಲಿ ಹಿಡಿಯಬಹುದಾ?