ಯಾವ ಓಕಪ್ಪಾ ಇದು?

ನಮ್ಮನೆಗೆ ಊಟಕ್ಕೆ ಬಂದವರು ಕೈ ತೊಳೆಯುವ ಮೊದಲೇ ಹಿತ್ತಲಿಗೆ ಹೋಗಿ, ಬೇಲಿ ಪಕ್ಕದ ಓಕ್ ಗಿಡಕ್ಕೆ, ಗಿಡದ ಹೆಸರು ಹೇಳುವ ಆ್ಯಪ್ ತೆರೆದು ಫೋನ್ ಹಿಡಿದು "ಪಿನ್ ಓಕ್" ಎಂದು ತೀರ್ಪು ಕೊಟ್ಟರು. ಹಿಂದೆ ಬಂದವರ ಫೋನು ಅದನ್ನೇ ಸ್ಕಾರ್ಲೆಟ್ ಓಕ್ ಎಂದಿತ್ತು. ಗಿಡ ಇರೋದೇ ಸೊಂಟದೆತ್ತರ. ಕಾಯಿ ನೋಡದೆ ಇವೆರಡನ್ನು ಬೇರೆ ಮಾಡೋದು ಬಲ್ಲವರಿಗೂ ಕಷ್ಟ. ಸಾಲದ್ದಕ್ಕೆ ಓಕ್‌ಗಳು ತಮ್ಮತಮ್ಮಲ್ಲೇ ಬೆರಕೆಯಾಗುತ್ತವೆ. ಆದರೂ ಸಾರು ಆರುವ ತನಕ ಚರ್ಚೆ.

ಎಲೆಯ ತುದಿ ಚೂಪಾಗಿ, ಅದರ ಕೊನೆಗೆ ಕೂದಲೆಳೆಯಷ್ಟು ಮುಳ್ಳಿದ್ದರೆ ಕೆಂಪು ಓಕಿನ ಬಳಗ. ದುಂಡಗಿದ್ದರೆ ಬಿಳಿ ಓಕಿನದು. ನಮ್ಮದು ಚೂಪು. ನನಗೆ ಅಷ್ಟು ಸಾಕು. ಅದನ್ನು ನೆಟ್ಟ ಅಳಿಲಿಗೂ ಅದಕ್ಕಿಂತ ಜಾಸ್ತಿ ಬೇಕಿರಲಿಲ್ಲ.

ಅಮೆರಿಕದಲ್ಲಿ ನಾವಿರುವ ನ್ಯೂಜೆರ್ಸಿಯ ಅಳಿಲನ್ನು ನೀವು ನೋಡಬೇಕು. ಬೂದುಬಣ್ಣ, ನಮ್ಮೂರಿನದರ ಮೂರು ಪಟ್ಟು ಮೈ. ನಮ್ಮತ್ತೆ ಬಂದಿದ್ದಾಗ, "ಬೆನ್ನ ಮೇಲೆ ರಾಮನ ಬೆರಳಿನ ಗುರುತೇ ಇಲ್ವಲ್ಲ, ಇದು ಸೇತುವೆ ಕೆಲಸಕ್ಕೆ ಬರಲಿಲ್ವಾ?" ಎಂದು ಕೇಳಿದ್ದರು. ಬರೋದೆಲ್ಲಿಂದ? ಇದಕ್ಕೆ ಉಗ್ರಾಣದ ಕೆಲಸವೇ ಮುಗಿಯಲ್ಲ. ಬಿಳಿ ಓಕಿನ ಕಾಯಿ ಉದುರಿದ ಕೆಲವೇ ದಿನಕ್ಕೆ ಮೊಳೆಯುತ್ತದೆ. ಹೂತಿಟ್ಟರೆ ತಿನ್ನುವ ತಿರುಳೆಲ್ಲ ಬೇರಾಗಿ ಹೋಯಿತು! ಹಾಗಾಗಿ ಅಳಿಲು ಅದನ್ನು ಅಲ್ಲೇ ಕೂತು ಮುಗಿಸುತ್ತದೆ. ಇಡಲೇಬೇಕೆಂದರೆ ತುದಿ ಕಚ್ಚಿ, ಮೊಳಕೆ ಬರುವ ಭಾಗ ಕಿತ್ತು ಹೂಳುತ್ತದೆ. ಕೆಂಪು ಓಕಿನ ಕಾಯಿ ಚಳಿಗಾಲವೆಲ್ಲ ಮಲಗಿದ್ದು ವಸಂತಕ್ಕೆ ಏಳುವಂಥದ್ದು. ಅದನ್ನು ಇಡಿಯಾಗಿ ಹೂಳುತ್ತದೆ. ಹಾಗೆ ಹೂತು, ತಿನ್ನದೆ ಬಿಟ್ಟದ್ದೇ ಈ ಗಿಡ. ಇಷ್ಟಕ್ಕೆಲ್ಲ ಅದು ಫೋನ್ ತೆಗೆಯಲಿಲ್ಲ, ಯಾರ ಊಟವನ್ನೂ ಕೆಡಿಸಲಿಲ್ಲ. ಹಾಗಂತ ಆ ದರಿದ್ರ ಪ್ರಾಣಿಯ ಮೇಲೆ ನನಗೇನೂ ಪ್ರೀತಿ ಇಲ್ಲ. ಟುಲಿಪ್ ಗಡ್ಡೆಗಳನ್ನು ಒಂದೂ ಬಿಡದೆ ತಿಂದಿದೆ.

"ಗೋಡೆಗೆ ಇಷ್ಟು ಹತ್ತಿರ ಬೇಡ ರೀ, ಬೇರು ನುಗ್ಗುತ್ತೆ" ಎಂಬ ಸಲಹೆಯೂ ಬಂತು. ಇದೇ ರಾಜ್ಯದ ಸೇಲಂನಲ್ಲಿ (ತಮಿಳುನಾಡಿನದಲ್ಲ) 500 ವರ್ಷ ದಾಟಿದ್ದು ಎನ್ನುತ್ತಿದ್ದ ಬಿಳಿ ಓಕೊಂದು 2019ರಲ್ಲಿ ತಾನಾಗಿ ಬಿತ್ತು. ನಮ್ಮ ಮನೆ ಸಾಲ 30 ವರ್ಷದ್ದು. ಬೇರು ಬರುವ ಹೊತ್ತಿಗೆ ಗೋಡೆ ಯಾರದ್ದೋ!

ಸದ್ಯಕ್ಕೆ ಜಿಂಕೆ ಮೇಯದಿರಲಿ ಎಂದು ಸುತ್ತ ತಂತಿಬಲೆ ಹಾಕಿದ್ದೇನೆ. ಹುಲ್ಲು ಕತ್ತರಿಸುವ ಹುಡುಗನಿಗೆ ಕಾಣಲಿ ಅಂತ ಯಾರೋ ಅರಿಶಿನ ಕುಂಕುಮಕ್ಕೆ ಕೊಟ್ಟ ಕೆಂಪು ಬ್ಲೌಸ್ ಪೀಸ್ ಕಟ್ಟಿದ್ದೇನೆ. ಪಕ್ಕದ ಮನೆಯವರು ಅದನ್ನು ಏನೋ ವ್ರತ ಅಂದುಕೊಂಡು, ಅತ್ತ ಬಂದಾಗೆಲ್ಲ ದನಿ ತಗ್ಗಿಸಿ ಮಾತಾಡುತ್ತಾರೆ.