ಇಲ್ಲದ ಟ್ಯಾಕ್ಸ್ ಉಳಿಸಿಕೊಡುವ ಪುಣ್ಯಾತ್ಮರು

ಈಗಷ್ಟೇ ಬ್ಯಾಂಕಿನಲ್ಲಿ ಜಗಳ ಆಡಿಕೊಂಡು ಬಂದಿದ್ದೇನೆ. ನನ್ನನ್ನು ಬಲ್ಲವರಿಗೆ ಇದೇನು ಹೊಸ ಸುದ್ದಿಯಲ್ಲ, ಗೊತ್ತು. ಆದರೆ ಈ ಸಲ ಜಗಳ ನನ್ನದಲ್ಲ, ಪಕ್ಕದ ಕುರ್ಚಿಯಲ್ಲಿದ್ದ ಹುಡುಗನದು. ಅವನು ಬಾಯಿ ಬಿಡಲಿಲ್ಲ, ಅದಕ್ಕೇ ನಾನು ಬಿಟ್ಟೆ.

ಅಪ್ಪನ ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋಗಿದ್ದೆ. ಪ್ರಿಂಟರ್ ಕೆಟ್ಟಿತ್ತು, ಎಂದಿನಂತೆ. ಕಾಯುತ್ತಾ ಕೂತಿದ್ದಾಗ ಎದುರಿನ ಟೇಬಲ್ಲಿನ ಮಾತು ಕಿವಿಗೆ ಬಿತ್ತು. ಹುಣಸೂರು ಕಡೆಯ ಹುಡುಗ. ಬೆಂಗಳೂರಿನಲ್ಲಿ ಮೊದಲ ಕೆಲಸ, ಮಾರತ್‌ಹಳ್ಳಿಯಲ್ಲಿ ಪಿಜಿ, ವರ್ಷಕ್ಕೆ 4.2 ಲಕ್ಷ ಸಂಬಳ. ಬೆನ್ನಿನ ಬ್ಯಾಗು ಕೂಡ ಇಳಿಸದೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಅವನು ಬಂದಿದ್ದು ಎಜುಕೇಶನ್ ಲೋನಿಗೆ 50,000 ರೂಪಾಯಿ ಜಾಸ್ತಿ ಕಟ್ಟಲು. ಇಪ್ಪತ್ತಮೂರರ ವಯಸ್ಸಿಗೆ ಪಿಜಿ ಬಾಡಿಗೆ ಕೊಟ್ಟು, ಮನೆಗೂ ಕಳಿಸಿ, ಅಷ್ಟು ಕೂಡಿಟ್ಟು ತಂದಿದ್ದಾನೆ! ಎದ್ದು ನಿಂತು ಕೈ ಮುಗಿಯಬೇಕು.

ಆಫೀಸರ್ ಹೇಳಿದ್ದೇನು ಗೊತ್ತಾ? "ಲೋನ್ ಬಿಡಪ್ಪಾ, ಅದರ ಪಾಡಿಗೆ ಅದು ತೀರುತ್ತೆ. ಟ್ಯಾಕ್ಸ್ ಉಳಿಸೋಕೆ ಏನು ಮಾಡ್ಕೊಂಡಿದ್ದೀಯ?"

ಟ್ಯಾಕ್ಸ್ ಅಂದ ಕೂಡಲೇ ಹುಡುಗನ ಮುಖ ಇಷ್ಟು ಚಿಕ್ಕದಾಯಿತು. ಅವನಿಗೆ ಅದೇನೋ ಪೊಲೀಸ್ ಕೇಸಿನ ಥರ ಕೇಳಿಸಿರಬೇಕು.

ಸ್ವಾಮಿ, 4.2 ಲಕ್ಷಕ್ಕೆ ಎಲ್ಲಿಯ ಟ್ಯಾಕ್ಸು? ಟ್ಯಾಕ್ಸ್ ಲೆಕ್ಕಕ್ಕೆ ಹಳೇದು, ಹೊಸದು ಅಂತ ಎರಡು ಪದ್ಧತಿ ಇವೆ. 2025ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ಒಂದು ಪೈಸೆ ಟ್ಯಾಕ್ಸ್ ಇಲ್ಲ. ಹಳೇ ಪದ್ಧತಿಗೇ ಹೋದರೂ 5 ಲಕ್ಷದೊಳಗಿನ ಆದಾಯಕ್ಕೆ ರಿಬೇಟ್, ಅಂದರೆ ಟ್ಯಾಕ್ಸ್ ಮನ್ನಾ ಇದೆ, ಅಲ್ಲೂ ಸೊನ್ನೆ. ಆ ಮಗು ಎಡಕ್ಕೆ ಹೋದರೂ ಸೊನ್ನೆ, ಬಲಕ್ಕೆ ಹೋದರೂ ಸೊನ್ನೆ. ಸೊನ್ನೆಯಲ್ಲಿ ಏನನ್ನು ಉಳಿಸಿಕೊಡುತ್ತಾರಂತೆ? ಇನ್ನು ಪಾಲಿಸಿ ಥರದ ಉಳಿತಾಯಕ್ಕೆ ಸಿಗುವ, ಎಲ್ಲರೂ 80ಸಿ ಅನ್ನುವ ಟ್ಯಾಕ್ಸ್ ವಿನಾಯಿತಿ ಇರುವುದೇ ಹಳೇ ಪದ್ಧತಿಯಲ್ಲಿ. 2023ರಿಂದ ಹೊಸದೇ ಡಿಫಾಲ್ಟ್ ಆಗಿದೆ. ಇದು ಬ್ಯಾಂಕಿನವರಿಗೆ ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ಆಮೇಲೆ ಡ್ರಾಯರ್‌ನಿಂದ ಒಂದು ಇನ್ಶೂರೆನ್ಸ್ ಪಾಲಿಸಿಯ ಹಾಳೆ ಹೊರಗೆ ಬಂತು. ವರ್ಷಕ್ಕೆ 50,000ದಂತೆ 12 ವರ್ಷ ಕಟ್ಟು, 20ನೇ ವರ್ಷ 12 ಲಕ್ಷ ತಗೋ. ಹಾಳೆಯಲ್ಲಿ ಎರಡು ಕಾಲಂ ಇದ್ದವು. ಒಂದು 4% ಅಂದಾಜಿನದು, ಇನ್ನೊಂದು 8% ಅಂದಾಜಿನದು. ಆಫೀಸರ್ ಹಸಿರು ಪೆನ್ನಿನಲ್ಲಿ 8ರ ಕಾಲಂಗೆ ದೊಡ್ಡದಾಗಿ ಸುತ್ತು ಹಾಕಿದರು. 4ರ ಕಾಲಂ ಮೇಲೆ ಅವರ ಎಡಗೈ ಕೂತಿತ್ತು. ನಾನು ನೋಡಿದೆ. ಮಾತು ಮುಗಿಯುವವರೆಗೂ ಆ ಕೈ ಏಳಲಿಲ್ಲ!

"ದುಡ್ಡು ಡಬಲ್ ಆಯ್ತಲ್ಲಪ್ಪಾ!"

ಆಯಿತು, ಡಬಲ್. ಆದರೆ 20 ವರ್ಷಕ್ಕೆ. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ 5% ಕೂಡ ತುಂಬಲ್ಲ. ಆ 8% ಅನ್ನುವುದು ಕಂಪನಿಯ ಹೂಡಿಕೆಗೆ ಹಿಡಿದ ಅಂದಾಜು. ಅದರಲ್ಲಿ ಕಮಿಷನ್, ಖರ್ಚು ಎಲ್ಲ ಕಳೆದು ಮಿಕ್ಕಿದ್ದು ನಿಮ್ಮ ಕೈಗೆ. ಅದೇ 50,000ವನ್ನು 12 ವರ್ಷ ದೀರ್ಘಾವಧಿ ಉಳಿತಾಯ ಖಾತೆಯಾದ ಪಿಪಿಎಫ್‌ಗೆ ಹಾಕಿ, ಆಮೇಲೆ ಖಾತೆ ಜೀವಂತ ಇಡಲು ವರ್ಷಕ್ಕೆ 500 ಕಟ್ಟಿ, 15 ವರ್ಷ ಮುಗಿದ ಮೇಲೆ ಇನ್ನೈದು ವರ್ಷ ಮುಂದುವರಿಸಿದರೆ? ಈಗಿನ 7.1% ಹಾಗೇ ಇದ್ದರೆ 16 ಲಕ್ಷ ದಾಟುತ್ತದೆ. ಸರ್ಕಾರದ್ದೇ ಸ್ಕೀಮು. ಅದೇ ಬ್ಯಾಂಕಿನಲ್ಲೇ ಖಾತೆ ತೆರೆಯಬಹುದು. ಅದರ ಫಾರಂ ಮಾತ್ರ ಯಾವ ಡ್ರಾಯರ್‌ನಿಂದಲೂ ತಾನಾಗಿ ಹೊರಗೆ ಬರಲ್ಲ, ಅಲ್ವಾ?

ಅದಕ್ಕಿಂತ ಹೊಟ್ಟೆ ಉರಿದಿದ್ದು ಇನ್ನೊಂದಕ್ಕೆ. ಹುಡುಗನ ಲೋನಿನ ಬಡ್ಡಿ 10.5%. ಆ 50,000 ಕಟ್ಟಿದ್ದರೆ ವರ್ಷಕ್ಕೆ ಸುಮಾರು 5,250 ರೂಪಾಯಿ ಬಡ್ಡಿ ಉಳಿಯುತ್ತಿತ್ತು. ಅಂದಾಜಲ್ಲ, ಕಾಲಂ ಅಲ್ಲ, ಖಚಿತ. ಹತ್ತೂವರೆಯ ಸಾಲ ಹಾಗೇ ಇಟ್ಟುಕೊಂಡು ಐದರ ಪಾಲಿಸಿ ಮಾಡಿಸುವುದು ಯಾವ ಊರಿನ ಬುದ್ಧಿವಂತಿಕೆ? ಅದೂ ಇಲ್ಲದ ಟ್ಯಾಕ್ಸ್ ಉಳಿಸಲು!

ನಾನು ಬಾಯಿ ಹಾಕಿದೆ. "ಇವನಿಗೆ ಟ್ಯಾಕ್ಸೇ ಬರಲ್ಲವಲ್ಲ ಸಾರ್?" ಅಂದೆ. "ಮೇಡಂ, ಮುಂದೆ ಸಂಬಳ ಜಾಸ್ತಿ ಆಗುತ್ತಲ್ಲ" ಅಂದರು. ಆಗಲಿ ಸಾರ್, ಆದಾಗ ನೋಡಿಕೊಳ್ಳೋಣ. ಹುಟ್ಟದ ಕೂಸಿಗೆ ಈಗಲೇ ಕುಲಾವಿ ಯಾಕೆ?

ಈಗ ಒಂದಿಷ್ಟು ಜನ ಬರುತ್ತೀರಿ. "ಈ ಕಾಲದ ಹುಡುಗರ ಕೈಲಿ ದುಡ್ಡು ನಿಲ್ಲಲ್ಲ. ಪಾಲಿಸಿ ಇದ್ದರೆ ಒತ್ತಾಯಕ್ಕಾದರೂ ಉಳಿಯುತ್ತೆ" ಅಂತ. ನಮ್ಮಮ್ಮನೂ ಇದನ್ನೇ ಹೇಳಿದರು. ಅಲ್ಲ, ಉಳಿಸಲು ಬಾರದವನು 50,000 ಹಿಡಿದುಕೊಂಡು ಲೋನ್ ತೀರಿಸಲು ಬರುತ್ತಾನಾ? ಒತ್ತಾಯವೇ ಬೇಕಿದ್ದರೆ ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌ಡಿ ಇದೆ, ಸಂಬಳದ ದಿನವೇ ಕಟ್ ಆಗುತ್ತೆ. ಮಧ್ಯದಲ್ಲಿ ಕಷ್ಟ ಬಂದು ಮುರಿಸಿದರೆ ಹೋಗುವುದು ಸ್ವಲ್ಪ ಬಡ್ಡಿ. ಪಾಲಿಸಿಯನ್ನು ಎರಡನೇ ವರ್ಷ ಬಿಟ್ಟು ನೋಡಿ, ಕಟ್ಟಿದ ಅಸಲಿಗೇ ಕತ್ತರಿ.

ಇನ್ಶೂರೆನ್ಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಅಪ್ಪ ಅಮ್ಮ ಇವನ ದುಡಿಮೆ ನಂಬಿಕೊಂಡಿದ್ದರೆ ಜೀವ ಹೋದರೆ ಮಾತ್ರ ಮನೆಯವರಿಗೆ ದುಡ್ಡು ಬರುವ ಟರ್ಮ್ ಪಾಲಿಸಿ ಮಾಡಿಸಲಿ. ಈ ವಯಸ್ಸಿಗೆ ಬಹಳ ಅಗ್ಗ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿಎಸ್‌ಟಿಯೂ ಹೋಗಿದೆ. ಆ ಹಸಿರು ಸುತ್ತಿನ ಪಾಲಿಸಿಯಲ್ಲಿ ಅವನ ಜೀವಕ್ಕೆ ಇದ್ದ ಕವರ್ ಎಷ್ಟು ಗೊತ್ತಾ? 5 ಲಕ್ಷ. ಆ ಲೋನಿನ ಬಾಕಿಗೂ ಸಾಲದು.

ಒಂದು ನಿಜ ಹೇಳಿಬಿಡುತ್ತೇನೆ. ಆ ಆಫೀಸರ್ ಮೇಲೆ ನನಗೆ ಪೂರ್ತಿ ಕೋಪವೂ ಬರಲಿಲ್ಲ. ಟೇಬಲ್ಲಿನ ಗಾಜಿನ ಕೆಳಗೆ ತಿಂಗಳ ಟಾರ್ಗೆಟ್ ಚೀಟಿ ಇತ್ತು. ಮೇಲಿನವರು ಅವರ ಕುತ್ತಿಗೆ ಹಿಡಿಯುತ್ತಾರೆ, ಅವರು ಈ ಹುಡುಗನದು ಹಿಡಿಯುತ್ತಾರೆ. ಬ್ಯಾಂಕುಗಳು ಹೀಗೆ ಇನ್ಶೂರೆನ್ಸ್ ತಗುಲಿಸುವುದರ ಬಗ್ಗೆ ನಿರ್ಮಲಾ ಸೀತಾರಾಮನ್ ಅವರೇ 2024ರ ನವೆಂಬರ್‌ನಲ್ಲಿ ತಕರಾರು ತೆಗೆದಿದ್ದರು. ಹಣಕಾಸು ಮಂತ್ರಿ ಹೇಳಿದರೂ ಕೇಳದವರು ಪಾಸ್‌ಬುಕ್ ಹಿಡಿದು ಕೂತ ನನ್ನ ಮಾತು ಕೇಳುತ್ತಾರಾ? ಅಯ್ಯೋ ಪಾಪ ಅನ್ನಿಸಿತು. ಆಮೇಲೆ ಆ ಎಡಗೈ ನೆನಪಾಯಿತು, ಪಾಪ ಅನ್ನಿಸುವುದು ನಿಂತಿತು.

ಹುಡುಗ ಕೊನೆಗೆ "ಮನೇಲಿ ಕೇಳಿ ಹೇಳ್ತೀನಿ ಸಾರ್" ಅಂತ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಎದ್ದ. ಲೋನಿಗೆ ದುಡ್ಡು ಕಟ್ಟಲಿಲ್ಲ. ನನ್ನನ್ನು ನೋಡಿದ್ದು ಥ್ಯಾಂಕ್ಸ್ ಅನ್ನುವ ಹಾಗಲ್ಲ, ಈ ಆಂಟಿಗೇನಾಯ್ತು ಅನ್ನುವ ಹಾಗೆ. ಇರಲಿ.

ಹೊಸದಾಗಿ ಕೆಲಸಕ್ಕೆ ಸೇರಿರುವ ಮಕ್ಕಳು ನನ್ನ ಫ್ರೆಂಡ್ಸ್ ಲಿಸ್ಟಿನಲ್ಲಿ ಬಹಳ ಇದ್ದೀರಿ. ಯಾರಾದರೂ ಇಂಥದ್ದಕ್ಕೆ ಈಗಾಗಲೇ ಸಹಿ ಹಾಕಿದ್ದರೆ ಪಾಲಿಸಿ ಕೈಗೆ ಬಂದ ತಾರೀಕು ನೋಡಿ. 30 ದಿನದೊಳಗಿದ್ದರೆ ಫ್ರೀ ಲುಕ್‌ನಲ್ಲಿ ವಾಪಸ್ ಕೊಡಬಹುದು. ಸ್ಟಾಂಪ್ ಡ್ಯೂಟಿ, ಮೆಡಿಕಲ್ ಖರ್ಚು, ಅಷ್ಟು ದಿನದ ಕವರ್‌ನ ಹಣ ಹಿಡಿದುಕೊಂಡು ಉಳಿದಿದ್ದನ್ನು ಕೊಡಲೇಬೇಕು. "ಈಗ ಆಗಲ್ಲ" ಅಂದರೆ ಅದನ್ನೇ ಬರೆದುಕೊಡಿ ಅನ್ನಿ. ಬರೆದುಕೊಡಿ ಅಂದ ಕೂಡಲೇ ಅರ್ಧ ಜನ ದಾರಿಗೆ ಬರುತ್ತಾರೆ.

ಏಜೆಂಟ್ ಮಿತ್ರರು ಕಾಮೆಂಟಿಗೆ ಖಂಡಿತ ಬನ್ನಿ. ಬರುವಾಗ ಆ ಹಾಳೆ ತನ್ನಿ. ಎರಡೂ ಕಾಲಂ ಕಾಣಬೇಕು.